ಹುಡುಕುವವನು ಹಿಂದಿರುಗಿದ ಜಾಗ

ಗುತ್ತಲಿನಲ್ಲಿ ಶೋಭಾರಾಣಿಯ ಮನೆ ಎಲ್ಲಿ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಾರೆ. ತಿಥಿ ಕಾರ್ಡಿನ ಶೋಭಕ್ಕನ ಮನೆ ಎನ್ನಿ, ಹಾಲಿನ ಡೈರಿಯವನು ತಾನೇ ಕರೆತಂದು ಬಾಗಿಲಲ್ಲಿ ಬಿಟ್ಟು ಹೋಗುತ್ತಾನೆ. ಮಂಡ್ಯದ ಪೇಟೆಬೀದಿಯ ಒಂದು ಮುದ್ರಣದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಅವಳು ಮಾಡುವ ಕೆಲಸವೇ ಅದು. ಮದುವೆ ಕಾರ್ಡು, ನಾಮಕರಣದ ಫ್ಲೆಕ್ಸು, ಪುಢಾರಿಗಳ ಹುಟ್ಟುಹಬ್ಬದ ಬ್ಯಾನರು ಎಲ್ಲವನ್ನೂ ಮಾಡುತ್ತಾಳೆ. ಆದರೆ ತಿಥಿ ಕಾರ್ಡಿಗೆ ಮಾತ್ರ ಜನ ಅವಳೇ ಬೇಕು ಅನ್ನುತ್ತಾರೆ. ಸತ್ತವರ ಮಸುಕು ಫೋಟೋವನ್ನು ತೊಳೆದು ತಿದ್ದಿ, ಇನ್ನೇನು ಬಾಯಿಬಿಟ್ಟು ಮಾತಾಡುತ್ತಾರೆ ಅನ್ನುವ ಕಳೆ ತರುವುದು ಅವಳ ಕೈಗುಣ. "ಬದುಕಿದ್ದಾಗ ನಮ್ಮವ್ವ ಇಷ್ಟು ಲಕ್ಷಣವಾಗಿರ್ನಿಲ್ಲ ಕಣಕ್ಕ" ಎಂದು ಕಣ್ಣೊರೆಸಿಕೊಂಡು ಹೋದವರೂ ಉಂಟು.

ಕಾರ್ಡು ಮಾಡಿಸಲು ಬಂದವರನ್ನು ಅವಳು ಮೆಲ್ಲಗೆ ಒಂದು ಮಾತು ಕೇಳುತ್ತಿದ್ದಳು. "ನಿಮ್ಮವ್ವ ಹಾಡ್ತಿದ್ರಾ?" ಬಹಳ ಜನ ಹೂಂ ಅನ್ನುತ್ತಿದ್ದರು. ಯಾವ ಹಾಡು ಅಂದರೆ ಮಾತ್ರ ಚಾವಣಿ ನೋಡುತ್ತಿದ್ದರು. ಸೋಬಾನೆಯೋ, ನಾಟಿ ಪದವೋ, ಮಗು ಮಲಗಿಸುವ ಪದವೋ, ಅದೇನೋ ಒಂದು. ಮನೆಯಲ್ಲೇ ಹಾಡುವವಳ ಹಾಡಿಗೆ ಕಿವಿ ಕೊಟ್ಟವರು ಯಾರು? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಅಂಥ ಕಥೆ.

ಹಾಗೆ ಕೇಳಿ ಕೇಳಿ ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. ಹೋದವರದು ಹೋಯಿತು, ಇರುವವರದನ್ನಾದರೂ ಹಿಡಿಯೋಣ ಎಂದು ರಜೆಯ ದಿನ ಬಸ್ಸು ಹತ್ತಿದಳು. ಮದ್ದೂರಿನ ಕಡೆಯ ಊರುಗಳು, ಮಳವಳ್ಳಿ ಕಡೆಯ ಊರುಗಳು. ಜಗಲಿಯ ಮೇಲೆ, ಕೊಟ್ಟಿಗೆಯ ಪಕ್ಕ, ಗದ್ದೆಯ ಬದುವಿನ ಮೇಲೆ ಕುಳಿತ ಹೆಂಗಸರ ಎದುರು ಫೋನು ಹಿಡಿದು ಹಾಡಿಸಿಕೊಂಡು ಬಂದಳು. ಗಂಡ ಮಹದೇವ ಹೈಸ್ಕೂಲಿನ ಪಿ.ಟಿ. ಮೇಷ್ಟರು, ಬಾಯಿಗೆ ಬೀಗವಿಲ್ಲದ ಮನುಷ್ಯ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಭಾನುವಾರ ತಾನೇ ಮುದ್ದೆ ತಿರುವುತ್ತ ರೇಗಿಸುತ್ತಿದ್ದ. ಆದರೂ ಅವಳನ್ನು ಬಸ್‌ಸ್ಟ್ಯಾಂಡಿಗೆ ಬೈಕಿನಲ್ಲಿ ಬಿಟ್ಟು ಬರುವವನು ಅವನೇ.

ಹಿಡಿದು ತಂದದ್ದನ್ನು ಎಲ್ಲಿಡುವುದು? ಫೋನಿನಲ್ಲಿಟ್ಟರೆ ಫೋನಿನ ಜೊತೆಗೇ ಹೋಗುತ್ತದೆ. ಸಂಜೆಯ ಕಂಪ್ಯೂಟರ್ ಕ್ಲಾಸಿನಲ್ಲಿ ವೆಬ್ ಪುಟ ಮಾಡುವುದನ್ನು ಅರೆಬರೆ ಕಲಿತಿದ್ದಳು. ಆ ಅರೆಬರೆಯಲ್ಲೇ ಒಂದು ಪುಟ ಕಟ್ಟಿ 'ಹಾಡುವವರ ಪಂಕ್ತಿ' ಎಂದು ಹೆಸರಿಟ್ಟಳು. ಒಬ್ಬೊಬ್ಬ ಹೆಂಗಸಿನ ಫೋಟೋ, ಹಾಡಿನ ಸಾಲುಗಳು, ಅದರ ಕೆಳಗೆ ಒತ್ತಿದರೆ ಕೇಳುವ ದನಿ. ಮೊದಲು ಆ ಫೋಟೋ, ದನಿಗಳನ್ನು ಬೇರೆಲ್ಲೋ ಪುಕ್ಕಟೆ ಸಿಕ್ಕ ಜಾಗದಲ್ಲಿ ಇಟ್ಟಿದ್ದಳು. ಪುಕ್ಕಟೆ ಕೊಟ್ಟವನು ಒಂದು ದಿನ ಹೇಳದೆ ಕೇಳದೆ ಅಂಗಡಿ ಮುಚ್ಚಿಕೊಂಡು ಹೋದ. ಬೆಳಗ್ಗೆ ನೋಡಿದರೆ ಪುಟದ ತುಂಬ ಖಾಲಿ ಚೌಕಗಳು. ಮುಖವೂ ಇಲ್ಲ, ದನಿಯೂ ಇಲ್ಲ. ಶೋಭಾರಾಣಿ ಅವತ್ತು ಕೂತಲ್ಲೇ ಅತ್ತುಬಿಟ್ಟಳು. ಪುಣ್ಯಕ್ಕೆ ಎಲ್ಲದರ ಪ್ರತಿ ಅವಳ ಹತ್ತಿರವಿತ್ತು. ಇನ್ನು ಮೇಲೆ ಈ ಹೆಂಗಸರನ್ನು ಪರರ ಮನೆಯಲ್ಲಿ ಬಿಡುವುದಿಲ್ಲ ಎಂದು ಹಟ ಹಿಡಿದು, ಚಿತ್ರವನ್ನೂ ದನಿಯನ್ನೂ ಅಕ್ಷರಗಳ ಉದ್ದನೆಯ ಸರವಾಗಿಸಿ ಪುಟದ ಒಡಲೊಳಗೇ ಪೋಣಿಸಿಬಿಡುವ ವಿದ್ಯೆ ಕಲಿತಳು. ಈಗ ಎಲ್ಲರೂ ಒಂದೇ ಪುಟದಲ್ಲಿ, ಒಂದೇ ಚಪ್ಪರದ ಕೆಳಗೆ. ಪುಟ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಹಿಡಿಯಲಿ ಬಿಡು, ತುಂಬಿದ ಮನೆಯಲ್ಲವೇ ಎಂದುಕೊಂಡಳು.

ಆ ಪುಟದ ಕಟ್ಟಕಡೆಯಲ್ಲಿ ಕುಳಿತವಳು ಅವಳ ಹೆತ್ತವ್ವ ಹೊಂಬಾಳಮ್ಮ.

ಕಡೆಯಲ್ಲಿ ಏಕೆ? ಇದೇನು ಕೇಳುವ ಮಾತೇ! ನಮ್ಮ ಕಡೆ ಊಟ ಹಾಕಿಸುವ ಮನೆಯವರು ಎಂದಾದರೂ ಮೊದಲ ಪಂಕ್ತಿಯಲ್ಲಿ ಕೂತದ್ದುಂಟೇ? ನೆಂಟರಾಗಬೇಕು, ಊರವರಾಗಬೇಕು, ಬಡಿಸಿದವರಾಗಬೇಕು, ಆಮೇಲೆ ಪಾತ್ರೆಯ ತಳ ಕೆರೆಯುವ ಹೊತ್ತಿಗೆ ಮನೆಯವರು. ಪುಟ ಮಗಳದು ಎಂದ ಮೇಲೆ ಹೊಂಬಾಳಮ್ಮ ಮನೆಯವಳು. "ನನ್ನ ಕಡೇಲಿ ಮಡಗು ಸೋಭಾ. ಬಂದೋರ್ಗಿಂತ ಮುಂದೆ ಮನೇರೇ ಎಲೆ ಆಕ್ಕಂಡು ಕುಂತ್ಕಂಡ್ರೆ ನೋಡ್ದೋರು ಏನಂದಾರು?" ಎಂದು ಅವಳೇ ಹೇಳಿದ್ದಳು. ಶೋಭಾರಾಣಿಗೂ ಅದು ಸರಿಯೆನಿಸಿತು. ಹೊಸಬರು ಬಂದ ಹಾಗೆಲ್ಲ ಅವರನ್ನು ಅವ್ವನಿಗಿಂತ ಮೇಲೆ ಕೂರಿಸುತ್ತ ಹೋದಳು, ಅವ್ವ ಕೆಳಕ್ಕೆ ಕೆಳಕ್ಕೆ ಸರಿಯುತ್ತ ಹೋದಳು.

ಈಗ ಹೊಂಬಾಳಮ್ಮನ ಹಾಡಿನ ವಿಷಯ ಹೇಳಬೇಕು. ಅವಳು ಕೊತ್ತತ್ತಿಗೆ ಸೊಸೆಯಾಗಿ ಬಂದವಳು, ಈಗಲೂ ಅಲ್ಲೇ ಮಗ ನಾಗರಾಜುವಿನ ತುಂಬಿದ ಸಂಸಾರದಲ್ಲಿ ಎಲ್ಲರ ಮೇಲೂ ದರ್ಬಾರು ಮಾಡಿಕೊಂಡಿದ್ದಾಳೆ. ಹುಟ್ಟಿ ಬೆಳೆದದ್ದು ಮಾತ್ರ ಬ್ಲಫ್ ಎನ್ನುವ ಕರೆಂಟಿನ ಕಾಲೋನಿಯಲ್ಲಿ. ಅಪ್ಪ ನಿಂಗಯ್ಯ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ನೀರಿನ ಕೊಳವೆ ನೋಡಿಕೊಳ್ಳುವ ಕೆಲಸಕ್ಕಿದ್ದ. ಸಾಲುಮನೆಗಳಲ್ಲಿ ಇವರದೊಂದು ಬಾಗಿಲು, ಪಕ್ಕದ್ದು ಬೀರಮ್ಮನ ಮನೆಯದು. ಹುಡುಗಿಯರಿಬ್ಬರಿಗೂ ಒಂದೇ ವಯಸ್ಸು, ನಡುವೆ ಒಂದೇ ಗೋಡೆ. ಇವಳು ಈ ಕಡೆಯಿಂದ ತಟ್ಟಿದರೆ ಅವಳು ಆ ಕಡೆಯಿಂದ ತಟ್ಟುತ್ತಿದ್ದಳು. ಹಗಲಿರುಳು ಕೆಳಗಿನ ಕೊರಕಲಿನಿಂದ ಯಂತ್ರಗಳ ಗುಂಯ್ ಎನ್ನುವ ಸದ್ದು, ಗಾಳಿ ತಿರುಗಿದರೆ ಮುಖಕ್ಕೆ ನೀರಿನ ತುಂತುರು. ಸಂಜೆ ಪಾತ್ರೆ ತೊಳೆದು ಕವುಚಿಟ್ಟು ಇಬ್ಬರೂ ಮೆಟ್ಟಿಲ ಮೇಲೆ ಕುಳಿತರೆ ಆ ಗುಂಯ್‌ಗೆ ಸರಿಯಾಗಿ ಹಾಡು ಹುಟ್ಟುತ್ತಿತ್ತು. ಯಾರೂ ಕಲಿಸಿದ್ದಲ್ಲ, ಇಬ್ಬರೇ ಕಟ್ಟಿಕೊಂಡದ್ದು. ಹೊಂಬಾಳಿ ಕೇಳುವವಳು, ಬೀರಿ ಹೇಳುವವಳು.

ಬೆಟ್ಟದ ಮೇಲಿಂದ ಬಿದ್ದೋಳ ಎತ್ಕೊಂಡೋರು ಯಾರವ್ವ?
ಎಣ್ಣಿಲ್ದೆ ಬತ್ತಿಲ್ದೆ ಊರಿಗೆಲ್ಲ ದೀಪ ಹಚ್ಚಿದೋರು ಯಾರವ್ವ?
ಮಲಗಿದ್ದ ಬಂಡೇಗೆ ಜೋಗುಳ ಹಾಡಿ ಎಬ್ಬಿಸಿದೋರು ಯಾರವ್ವ?

ಹೀಗೆ ಹೊಂಬಾಳಮ್ಮನ ಬಾಯಲ್ಲಿ ಇರುವುದೆಲ್ಲ ಪ್ರಶ್ನೆ. ಉತ್ತರ ಅಷ್ಟೂ ಬೀರಮ್ಮನವು. ಹೊಂಬಾಳಮ್ಮ ಮದುವೆಯಾಗಿ ಕೊತ್ತತ್ತಿಗೆ ಬರುವ ತಿಂಗಳೇ ಬೀರಮ್ಮನ ಅಪ್ಪನಿಗೆ ಉತ್ತರದ ಕಡೆ ಯಾವುದೋ ಡ್ಯಾಮಿನ ಕೆಲಸಕ್ಕೆ ವರ್ಗವಾಯಿತು. ಬೀರಿಗೆ ಮದುವೆಗೂ ಬರಲಾಗಲಿಲ್ಲ. ಇಬ್ಬರಿಗೂ ಓದು ಬರಹ ಅಷ್ಟಕ್ಕಷ್ಟೇ, ಹೋದವಳು ಹೋದಳು. ಕೊತ್ತತ್ತಿಯ ಗದ್ದೆಯಲ್ಲಿ ಪೈರು ನೆಡುವಾಗ ಹೊಂಬಾಳಮ್ಮ ಆ ಹಾಡು ಎತ್ತಿದರೆ ಪಕ್ಕದವರು "ಕಾವೇರವ್ವ" ಎಂದೋ "ಕರೆಂಟು ಕಣಕ್ಕ" ಎಂದೋ ಉತ್ತರ ಕೊಡುತ್ತಿದ್ದರು. ಅವಳಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. "ಅದ ಯಾರ್ ಬೇಕಾದ್ರೂ ಯೋಳ್ತಾರೆ. ಬೀರಿ ಅಂಗ್ ಯೋಳ್ತಿರ್ನಿಲ್ಲ. ಅವ್ಳು ಯೋಳುದ್ರೆ ಮೈ ಜುಂ ಅನ್ನೋದು." ಹಾಗಾದರೆ ಏನು ಹೇಳುತ್ತಿದ್ದಳು ಎಂದರೆ, ಅದು ನೆನಪಿಗೆ ಬಾರದು.

ಮಗಳು ಫೋನು ಹಿಡಿದು ಹಾಡಿಸಿದಾಗಲೂ ಅಷ್ಟೇ. ಒಂದು ಸಾಲು ಹಾಡುವಳು, ನಿಲ್ಲಿಸುವಳು, ತಲೆ ಒಂದು ಪಕ್ಕಕ್ಕೆ ವಾಲಿಸಿ ಕಣ್ಣು ಮುಚ್ಚಿ ಸುಮ್ಮನೆ ಕೂರುವಳು. ಅಲ್ಲಿ ಬೀರಿ ಹಾಡುವ ಹೊತ್ತು. ಅದು ಮುಗಿಯಿತು ಅನ್ನಿಸಿದ ಮೇಲೆ ಮುಂದಿನ ಸಾಲು. ಆ ಸುಮ್ಮನಿರುವ ಹೊತ್ತಿನಲ್ಲಿ ಮನೆಯ ಹೊರಗೆ ನಾಲೆಯ ನೀರು ಹರಿಯುವುದು, ಎಲ್ಲೋ ಎಮ್ಮೆಯ ಕೊರಳ ಗಂಟೆ, ಅವ್ವನ ಉಸಿರು, ಇಷ್ಟೇ ಕೇಳುತ್ತದೆ. ಶೋಭಾರಾಣಿ ಅದರಲ್ಲಿ ಒಂದು ಚೂರನ್ನೂ ಕತ್ತರಿಸದೆ ಪುಟಕ್ಕೆ ಹಾಕಿದಳು.

"ಇಂಟರ್ನೆಟ್ಟಲ್ಲಿ ಹುಡುಕಿಕೊಡೋ ಯಂತ್ರ ಒಂದಿದೆ ಕಣವ್ವ. ಎಲ್ಲಾರ ಪುಟಾನೂ ಓದ್ಕಂಡು ನೆಪ್ಪಿಟ್ಕತದೆ. ಬೀರಮ್ಮನ ಮನೆಯೋರು ಯಾರಾದ್ರೂ ನಿನ್ನ ಹಾಡಿನ ಒಂದು ಸಾಲು ಟೈಪ್ ಮಾಡುದ್ರೆ ಸಾಕು, ನಿನ್ನ ಬಾಗ್ಲಿಗೇ ಕರ್ಕಂಡು ಬತ್ತದೆ" ಎಂದು ಅವ್ವನಿಗೆ ಬಿಡಿಸಿ ಹೇಳಿದ್ದಳು. ಹೊಂಬಾಳಮ್ಮ ಆ ಯಂತ್ರಕ್ಕೆ 'ಹುಡ್ಕೋನು' ಎಂದು ಹೆಸರಿಟ್ಟಳು. ಮಗಳು ಕೊತ್ತತ್ತಿಗೆ ಹೋದಾಗಲೆಲ್ಲ, ಕಾಲಿಗೆ ನೀರು ಕೊಡುವ ಮೊದಲೇ, "ಹುಡ್ಕೋನು ಬಂದಿದ್ನಾ? ಬೀರಿ ಸಮಾಚಾರ ಏನಾರ ಬಂತಾ?" ಎಂದು ಕೇಳುತ್ತಿದ್ದಳು.

ಬರಲಿಲ್ಲ. ಒಂದು ವರ್ಷವಲ್ಲ, ಎರಡಲ್ಲ, ವರ್ಷಗಳೇ ಕಳೆದವು. ಬೇರೆ ಕೆಲವರಿಗೆ ಬಂತು. ಮದ್ದೂರು ಕಡೆಯ ಅಜ್ಜಿಯೊಬ್ಬಳ ಸೋಬಾನೆ ಕೇಳಿ ಮೈಸೂರಿನಿಂದ ಯಾರೋ ಮದುವೆಗೆ ಕರೆದುಕೊಂಡು ಹೋದರು. ಇನ್ನೊಬ್ಬಳನ್ನು ದೂರವಾಗಿದ್ದ ತಮ್ಮನ ಮಕ್ಕಳು ಹುಡುಕಿಕೊಂಡು ಬಂದರು. ಪುಟದ ಹೆಸರು ಹೊಡೆದರೆ ಹುಡುಕುವ ಯಂತ್ರ ಥಟ್ಟನೆ ತೋರಿಸುತ್ತಿತ್ತು, ಹಾಗಾಗಿ ಅದು ಇಡೀ ಪುಟವನ್ನು ಓದಿದೆ ಎಂದೇ ಶೋಭಾರಾಣಿ ನಂಬಿದ್ದಳು. ಬಾಗಿಲಿಗೆ ಬಂದ ನೆಂಟ ನಡುಮನೆಗೂ ಬಂದೇ ಇರುತ್ತಾನಲ್ಲ! ಅವ್ವನನ್ನು ಮಾತ್ರ ಯಾರೂ ಕೇಳುತ್ತಿಲ್ಲ ಅಂದರೆ ಅದು ಅವ್ವನ ಹಣೆಬರಹ ಎಂದುಕೊಂಡಳು.

ಕಳೆದ ಸಲ ಹೋದಾಗ ಹೊಂಬಾಳಮ್ಮ ಏನೂ ಕೇಳಲಿಲ್ಲ. ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಹೊರಡುವಾಗ ತಲೆಯೆತ್ತದೆ ಹೇಳಿದಳು. "ನಂದ ತೆಗ್ದಾಕ್ಬುಡು ಸೋಭಾ."

"ಯಾಕವ್ವ?"

"ಬೀರಿ ನನ್ನ ಮರ್ತವ್ಳೆ. ಯಾರೂ ಬರ್ದಿರೋ ಬಾಗ್ಲಲ್ಲಿ ಎಷ್ಟು ದಿವ್ಸ ಅಂತ ಕುಂತಿರ್ಲಿ? ನಾಚ್ಕೆ ಆಯ್ತದೆ ಕಣ್ಮಗ."

ಶೋಭಾರಾಣಿ ಚೀಲ ಕೆಳಗಿಟ್ಟು ಅವ್ವನ ಪಕ್ಕ ಕುಳಿತಳು. ಬ್ಯಾಡ ಕಣವ್ವ ಎಂದಳು, ಬೇಡಿಕೊಂಡಳು, ಗದರಿಯೂ ನೋಡಿದಳು. ಹೊಂಬಾಳಮ್ಮ ಹಿಡಿದದ್ದು ಬಿಡುವವಳಲ್ಲ. ಮುಂದಿನ ಭಾನುವಾರದೊಳಗೆ ತೆಗೆದುಹಾಕುತ್ತೇನೆ ಎಂದು ಒಪ್ಪಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳು ಹಿಂದಕ್ಕೆ ಸರಿಯುತ್ತಿದ್ದವು. ಒಬ್ಬಳು ಮುದುಕಿಗೆ ಅವಳ ಗೆಳತಿಯನ್ನು ಹುಡುಕಿಕೊಡಲಾಗದ ಮೇಲೆ ಇಷ್ಟೆಲ್ಲ ಏಕೆ ಬೇಕಿತ್ತು ಎನಿಸಿ ಕಣ್ಣು ತುಂಬಿಕೊಂಡಳು.

ಆ ವಾರವೇ ಹೇಮಶ್ರೀ ಅಂಗಡಿಗೆ ಬಂದಳು. ಮದ್ದೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಹುಡುಗಿ, ಅಣ್ಣನ ಮದುವೆಯ ಕಾರ್ಡು ಮಾಡಿಸಬೇಕಿತ್ತು. ಅಕ್ಷರ ಜೋಡಿಸುತ್ತಿರುವಾಗ ಅವಳೇ ಮಾತು ತೆಗೆದಳು. "ಶೋಭಕ್ಕ, ನಿಮ್ಮ ಪುಟದಲ್ಲಿ ನಮ್ಮಜ್ಜಿ ಇದಾರೆ ಗೊತ್ತಾ? ಅವರ ಹಾಡು ಒಂದು ಸಾಲು ಹೊಡೆದೆ, ತಕ್ಷಣ ಸಿಕ್ತು. ನಮ್ಮನೇಲಿ ಎಲ್ಲಾರೂ ಕೂತ್ಕೊಂಡು ಕೇಳಿದ್ವಿ."

"ನಿಮ್ಮಜ್ಜಿ ಪುಣ್ಯವಂತೆ. ನಮ್ಮವ್ವನ್ನ ಮಾತ್ರ ಯಾವಳೂ ಹುಡುಕ್ಲಿಲ್ಲ ನೋಡು" ಎಂದಳು ಶೋಭಾರಾಣಿ. ನಗುತ್ತಲೇ ಹೇಳಿ ಮತ್ತೆ ಅಕ್ಷರ ಜೋಡಿಸತೊಡಗಿದಳು.

ಹೇಮಶ್ರೀ ತನ್ನ ಫೋನಿನಲ್ಲಿ 'ಬೆಟ್ಟದ ಮೇಲಿಂದ ಬಿದ್ದೋಳ' ಎಂದು ಹೊಡೆದಳು. ಬೆಟ್ಟದ ಮೇಲಿಂದ ಬಸ್ಸು ಬಿದ್ದ ಸುದ್ದಿ ಬಂತು, ಇನ್ನೇನೇನೋ ಬಂತು. ಹೊಂಬಾಳಮ್ಮ ಬರಲಿಲ್ಲ. "ಇಲ್ವಲ್ಲ ಅಕ್ಕ" ಎಂದಳು. ಇಲ್ಲದೆ ಏನು, ಎಂದು ಶೋಭಾರಾಣಿ ಪುಟ ತೆರೆದು, ಕೆಳಗಿಳಿದು, ಇನ್ನೂ ಇಳಿದು, ಕಡೆಗೆ ಅವ್ವನನ್ನು ತೋರಿಸಿದಳು. ಹೇಮಶ್ರೀ ಒಮ್ಮೆ ಪುಟದ ತೂಕ ಎಷ್ಟಿದೆ ಎಂದು ನೋಡಿದವಳೇ ಹಣೆಗೆ ಕೈಯೊತ್ತಿಕೊಂಡಳು.

"ಅಯ್ಯೋ ಶೋಭಕ್ಕ, ಫೋಟೋ, ದನಿ ಎಲ್ಲಾನೂ ಅಕ್ಷರ ಮಾಡಿ ಒಳಗೇ ತುಂಬಿಬಿಟ್ಟಿದ್ದೀರಲ್ಲ! ಹುಡುಕೋ ಯಂತ್ರ ಪುಟಾನ ಮೇಲಿಂದ ಓದ್ತಾ ಬರುತ್ತೆ. ಅದಕ್ಕೆ ಒಂದು ಮಿತಿ ಇರುತ್ತೆ. ಅಷ್ಟು ತೂಕ ಓದಿದ ಮೇಲೆ ಸಾಕು ಅಂತ ನಿಲ್ಲಿಸಿ ಹೊರಟುಹೋಗುತ್ತೆ. ಕೆಳಗೆ ಉಳಿದದ್ದು ಅದರ ಲೆಕ್ಕಕ್ಕೆ ಇಲ್ಲವೇ ಇಲ್ಲ. ಫೋಟೋ, ದನಿ ಹೊರಗಿಟ್ಟು, ಎಲ್ಲಿದೆ ಅಂತ ವಿಳಾಸ ಮಾತ್ರ ಪುಟದಲ್ಲಿ ಕೊಟ್ಟಿದ್ರೆ ಪುಟ ಹಗುರವಾಗಿರ್ತಿತ್ತು."

"ಅಂದ್ರೆ ಅದು ನಮ್ಮವ್ವನ ತನಕ ಬಂದೇ ಇಲ್ವಾ?"

"ಬಂದಿಲ್ಲ ಅಕ್ಕ."

ಮಂಡ್ಯದವಳಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕೇ? ನಾಲೆಗೆ ನೀರು ಬಿಟ್ಟರು ಎಂದು ಮೇಲಿನವರು ಹಿಗ್ಗುತ್ತಿರುತ್ತಾರೆ, ಅದು ಮಳವಳ್ಳಿಯ ಕಡೆಭಾಗಕ್ಕೆ ಮುಟ್ಟುವುದೇ ಇಲ್ಲ. ಶೋಭಾರಾಣಿಯ ಮುಖ ಬಿಸಿಯಾಯಿತು. ಹೇಮಶ್ರೀ ಹೋದ ಮೇಲೆ, ಮಧ್ಯಾಹ್ನದ ಬಿಸಿಲಿಗೆ ಪೇಟೆಬೀದಿ ತೂಕಡಿಸುತ್ತಿದ್ದ ಹೊತ್ತಿನಲ್ಲಿ, ಒಬ್ಬೊಬ್ಬ ಹೆಂಗಸಿನ ಹಾಡಿನ ಸಾಲನ್ನೂ ಹುಡುಕಿ ನೋಡುತ್ತ ಬಂದಳು. ಇವಳು ಸಿಕ್ಕಿದಳು. ಇವಳೂ ಸಿಕ್ಕಿದಳು. ಮಳವಳ್ಳಿ ಕಡೆಯ ಒಬ್ಬ ಮುದುಕಿಯ ಜೋಗುಳ ಎರಡು ತುಂಡಾಗಿತ್ತು, ಮೊದಲ ಪದ, ಅದರ ದನಿ, ಆಮೇಲೆ ಎರಡನೆಯ ಪದ. ಮೊದಲನೆಯದು ಸಿಕ್ಕಿತು. ಎರಡನೆಯದು ಸಿಗಲಿಲ್ಲ. ಅಲ್ಲಿಂದ ಕೆಳಗೆ ಯಾರೊಬ್ಬರೂ ಸಿಗಲಿಲ್ಲ. ಆ ನಡುವಿನ ದನಿಯ ಸರದಲ್ಲೇ ಎಲ್ಲೋ ಹುಡುಕುವವನು ನಿಂತು, ಹಿಂದಿರುಗಿ ಹೋಗಿದ್ದ. ತೊಟ್ಟಿಲು ಅರ್ಧ ತೂಗಿ ನಿಂತಿತ್ತು.

ಅಲ್ಲೇ ಮೇಜಿನ ಮೇಲೆ ತಲೆಯಿಟ್ಟವಳಿಗೆ ಜೊಂಪು ಹತ್ತಿತು. ಕಣ್ಣು ಮುಚ್ಚಿದರೆ ಅವನು ಕಂಡ. ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು ಬೆಳದಿಂಗಳಂಥ ಬಿಸಿಲಿನಲ್ಲಿ ನಡೆದು ಬರುತ್ತಿದ್ದಾನೆ. ಉದ್ದಕ್ಕೂ ಹೆಂಗಸರು ಎಲೆ ಹಾಕಿಕೊಂಡು ಕುಳಿತಿದ್ದಾರೆ. ಒಬ್ಬೊಬ್ಬರೂ ಬೊಗಸೆ ಬೊಗಸೆ ಹಾಡು ಸುರಿಯುತ್ತಾರೆ, ಜೊತೆಗೆ ತಮ್ಮ ಮುಖ, ಮೂಗುಬೊಟ್ಟು, ಜಗಲಿ, ಕೊಟ್ಟಿಗೆ ಎಲ್ಲವನ್ನೂ ಸುರಿಯುತ್ತಾರೆ. ಅವನು ಬೇಡ ಅನ್ನುವುದಿಲ್ಲ, ತುಂಬಿಕೊಳ್ಳುತ್ತಾನೆ. ಮಳವಳ್ಳಿಯ ಮುದುಕಿ ತೊಟ್ಟಿಲು ತೂಗುತ್ತಿರುವಾಗ ಚೀಲದ ಬಾಯಿ ತುಂಬಿತು. ಅವನಿಗೆ ಕೋಪವೂ ಇಲ್ಲ, ಬೇಸರವೂ ಇಲ್ಲ. ಚೀಲ ಕಟ್ಟಿಕೊಂಡು ಬಂದ ದಾರಿ ಹಿಡಿದ. ಆ ತುದಿಯಲ್ಲಿ, ಮಂಜಿನಂಥ ತುಂತುರಿನಾಚೆ, ಅವ್ವ ತಲೆ ವಾಲಿಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದಳು. "ಇನ್ನೊಬ್ಳು ಅವ್ಳೆ ಕಣಣ್ಣ, ನಿಂತ್ಕೊ!" ಎಂದು ಶೋಭಾರಾಣಿ ಕೂಗಿದಳು. ಎಚ್ಚರವಾದಾಗ ಅಂಗಡಿಯ ಯಜಮಾನರು ಎದುರಿಗೆ ನಿಂತು ಯಾರಮ್ಮ ಅಣ್ಣ ಎಂದು ಕೇಳುತ್ತಿದ್ದರು.

ಭಾನುವಾರ ಕೊತ್ತತ್ತಿಗೆ ಹೋಗಿ ಅವ್ವನ ಮುಂದೆ ಎಲ್ಲವನ್ನೂ ಹೇಳಿದಳು. ಬೈಯುತ್ತಾಳೆ ಎಂದು ಹೆದರಿದ್ದಳು. ಹೊಂಬಾಳಮ್ಮ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡಳು.

"ಅಲ್ಲಾ ಸೋಭಾ, ಅಷ್ಟು ಜನ್ಕೂ ಒಂದೇ ಎಲೇಲಿ ಬಡ್ಸಿದ್ಯಾ?"

"ಹೂಂ ಕಣವ್ವ."

"ಥೂ ನಿನ್ನ! ಪಂಕ್ತಿ ಒಂದೇ ಆದ್ರೂ ಒಬ್ಬೊಬ್ರಿಗೆ ಒಂದೊಂದು ಎಲೆ ಅಲ್ವಾ ಆಕೋದು? ಒಂದೇ ಎಲೇಲಿ ಸುರುದ್ರೆ ಕಡೇಲಿ ಕುಂತೋಳ್ಗೆ ಏನ್ ಸಿಕ್ಕಾತು?" ಎಂದು ಬಾಯ್ತುಂಬ ನಕ್ಕಳು. ನಕ್ಕವಳು ಥಟ್ಟನೆ ನಿಂತಳು. "ಅಂಗಾರೆ ಬೀರಿ ನನ್ನ ಹುಡುಕ್ಕಂಡು ಬಂದಿದ್ರೂ ಬಂದಿರ್ಬೋದು. ಅವ್ಳ ಕಣ್ಗೆ ನಾನೇ ಬಿದ್ದಿಲ್ಲ."

"ಬಂದಿರ್ಬೋದು ಕಣವ್ವ."

"ಬರ್ದೇನೂ ಇರ್ಬೋದು." ಹೊಂಬಾಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇಷ್ಟು ದಿನ ಹುಡ್ಕೋನ ಮ್ಯಾಲೆ ತಪ್ಪಾಯ್ತು. ಇನ್ನು ಬರ್ನಿಲ್ಲ ಅಂದ್ರೆ ಬೀರಿ ನಿಜ್ವಾಗ್ಲೂ ಮರ್ತವ್ಳೆ ಅಂತಾನೇ. ಆಗ್ಲಿ, ಎಲೆ ಆಕು. ಅದೊಂದ ನೋಡೇಬುಡವ."

ಶೋಭಾರಾಣಿ ಸೆರಗು ಸಿಕ್ಕಿಸಿ ನಿಂತಳು. ಒಬ್ಬೊಬ್ಬ ಹೆಂಗಸಿಗೂ ಬೇರೆ ಬೇರೆ ಪುಟ. ಫೋಟೋ, ದನಿಗಳಿಗೆ ಸಣ್ಣದೊಂದು ಬಾಡಿಗೆ ಜಾಗ, ಪುಟದಲ್ಲಿ ಅವುಗಳ ವಿಳಾಸ ಮಾತ್ರ. ಎಲ್ಲರ ಹೆಸರೂ ಇರುವ ಹಗುರವಾದ ಒಂದು ಹೊಸ್ತಿಲ ಪುಟ, ಅಲ್ಲಿಂದ ಯಾರ ಬಾಗಿಲಿಗೆ ಬೇಕೋ ಅಲ್ಲಿಗೆ ದಾರಿ. ಮಹದೇವ ಪಕ್ಕದಲ್ಲಿ ಕುಳಿತು ಹಾಡಿನ ಸಾಲುಗಳನ್ನು ಓದಿ ಹೇಳಿದ, ನಡುನಡುವೆ ಅಪಸ್ವರದಲ್ಲಿ ಹಾಡಿಯೂ ತೋರಿಸಿದ. ಅವ್ವನ ಪುಟ ಮಾಡುವಾಗ ಅವನು ತಮಾಷೆ ಮಾಡಲಿಲ್ಲ. ಆಮೇಲೆ ಶುರುವಾಯಿತು ಕಾಯುವ ಕೆಲಸ. ಹುಡುಕುವವನು ಮತ್ತೆ ಎಂದು ಬರುತ್ತಾನೋ ಅವನಿಗೇ ಗೊತ್ತು. ಶೋಭಾರಾಣಿ ಬೆಳಗ್ಗೆ ಹಾಲು ಕಾಯಿಸುವಾಗ ಒಮ್ಮೆ, ಅಂಗಡಿಯಲ್ಲಿ ಒಮ್ಮೆ ಆ ಸಾಲು ಹೊಡೆದು ನೋಡುತ್ತಿದ್ದಳು. ಒಂದು ಬೆಳಗ್ಗೆ ಬಸ್ಸಿನ ಸುದ್ದಿಗಿಂತ ಮೇಲೆ, ಎಲ್ಲಕ್ಕಿಂತ ಮೇಲೆ, ಅವ್ವ ಬಂದು ಕೂತಿದ್ದಳು. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಅವಳಿಗೆ ತಿಳಿಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿಗೆ ಒಂದು ಫೋನು ಬಂತು. ಕಾಳಿ ನದಿಯ ಕಡೆಯ ಅಂಬಿಕಾನಗರದಿಂದ ಸುನಿತಾ ಎನ್ನುವವಳು, ಹೊಂಬಾಳಮ್ಮ ಅನ್ನುವವರು ಇದ್ದಾರಾ ಎಂದು ಕೇಳಿದಳು. ಬೀರಮ್ಮನ ಸೊಸೆ.

"ನಮ್ಮತ್ತೆ ಬಹಳ ವರ್ಷದಿಂದ ನನ್ನ ಕೈಲಿ ಹುಡುಕಿಸ್ತಾನೇ ಇದ್ರು ಮೇಡಂ. ಬೆಟ್ಟದ ಮೇಲಿಂದ ಬಿದ್ದೋಳ ಅಂತ ಹಾಕು, ಹೊಂಬಾಳಿ ಅಲ್ಲೇ ಎಲ್ಲೋ ಹಾಡ್ತಿರ್ತಾಳೆ ಅನ್ನೋರು. ನಾನು ನೋಡಿ, ಇಲ್ಲ ಅತ್ತೆ, ಯಾರೂ ಇಲ್ಲ ಅಂತಿದ್ದೆ. ಅವಳು ನನ್ನ ಮರೆತಿದಾಳೆ ಬಿಡು ಅಂತ ಮುಖ ತಿರುಗಿಸಿ ಮಲಗೋರು. ಮೊನ್ನೆ ಸುಮ್ಮನೆ ಇನ್ನೊಂದು ಸಲ ಹಾಕಿದೆ..." ಎರಡೂ ಕಡೆ ಬರೀ ಮೂಗೆಳೆಯುವ ಸದ್ದು.

ಭಾನುವಾರ ಬೆಳಗ್ಗೆ ಕೊತ್ತತ್ತಿಯ ಜಗಲಿಯ ಮೇಲೆ ಫೋನನ್ನು ಗೋಡೆಗೊರಗಿಸಿ ಇಟ್ಟಳು. ಹೊಂಬಾಳಮ್ಮ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆಯುಟ್ಟು, ಹೆಣ್ಣು ನೋಡಲು ಬಂದವರ ಮುಂದೆ ಕೂರುವ ಹಾಗೆ ಕುಳಿತಿದ್ದಳು. ಆ ಕಡೆಯಿಂದ ಒಡಕು ದನಿ ಬಂತು.

"ಯಾರೇ ಅದು, ಹೊಂಬಾಳೀನಾ? ಇನ್ನೂ ಬದುಕಿದ್ದೀಯೇನೇ?"

"ನೀನೇ ಬದುಕಿರೋವಾಗ ನನ್ಗೇನಾಗಿದ್ದದೇ ದಾಡಿ? ಮದ್ವೆಗ್ ಬರ್ದೆ ಓದೋಳು ಈಗ ಬಂದ್ಯಾ?"

ಬಹಳ ಹೊತ್ತು ಇಬ್ಬರೂ ಬೈದಾಡಿಕೊಂಡರು. ಸಾಲುಮನೆ, ಪೈಪಿನ ಕೆಲಸದವರು, ಮಂಗನ ಕಾಟ, ಯಾರೋ ಒಬ್ಬಳ ಗೂನು, ಎಲ್ಲ ಬಂದು ಹೋಯಿತು. ನಾಗರಾಜುವಿನ ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಆಮೇಲೆ ಹೊಂಬಾಳಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು.

"ಬೀರಿ, ನಾನ್ ಕೇಳ್ತೀನಿ. ನೀ ಯೋಳು."

ಬೆಟ್ಟದ ಮೇಲಿಂದ ಬಿದ್ದೋಳ ಎತ್ಕೊಂಡೋರು ಯಾರವ್ವ ಎಂದು ಹಾಡಿ, ತಲೆ ವಾಲಿಸಿ, ಕಣ್ಣು ಮುಚ್ಚಿಕೊಂಡಳು. ಆ ಕಡೆಯ ಒಡಕು ದನಿ ಮೆಲ್ಲಗೆ ಮೇಲೆದ್ದಿತು. ಬೆಟ್ಟದ ಮೇಲಿಂದ ಬಿದ್ದೋಳ ಎತ್ಕೊಂಡೋರು ಯಾರವ್ವ.

"ಅದು ನಂದು ಕಣೇ" ಎಂದಳು ಹೊಂಬಾಳಮ್ಮ. "ನಿಂದ ಯೋಳು."

ಎರಡನೆಯದನ್ನು ಹಾಡಿದಳು. ಬೀರಮ್ಮನೂ ಅದನ್ನೇ ಹಾಡಿದಳು. ಎಣ್ಣಿಲ್ದೆ ಬತ್ತಿಲ್ದೆ. ಅಕ್ಷರ ತಪ್ಪದೆ, ಎಳೆತ ತಪ್ಪದೆ, ಎಳೆಯ ಹೊಂಬಾಳಿ ಮೆಟ್ಟಿಲ ಮೇಲೆ ಕುಳಿತು ಹಾಡುತ್ತಿದ್ದ ಹಾಗೆ.

"ನಿಂದ್ ಎಲ್ಲೇ ಬೀರಿ?"

"ಮರ್ತೋಯ್ತು ಕಣೇ" ಎಂದಳು ಬೀರಮ್ಮ. "ಇಲ್ಲಿಗ್ ಬಂದ್ಮ್ಯಾಲೆ ದಿನಾ ನಿಂದನ್ನೇ ಹಾಡ್ಕತಿದ್ದೆ. ನಿಂದ ಮರ್ತೋದ್ರೆ ನೀನೇ ಓದಂಗೆ ಅನ್ಕಂಡು. ನಂದು ಎಲ್ಲೋಯ್ತದೆ, ನನ್ನತ್ರಾನೇ ಅದೆ ಅಂತಿದ್ದೆ. ಒಂದಿನ ನೋಡ್ತೀನಿ, ಒಂದೂ ಇಲ್ಲ. ನಿನ್ಗಾರ ನೆಪ್ಪದಾ? ನಾನೇನ್ ಯೋಳ್ತಿದ್ದೆ?"

ಹೊಂಬಾಳಮ್ಮ ಫೋನನ್ನು ಕೈಗೆತ್ತಿಕೊಂಡಳು. ಮಗಳ ಮುಖ ನೋಡಿದಳು, ಫೋನು ನೋಡಿದಳು.

"ಇಲ್ಲ ಕಣೇ ಬೀರಿ" ಎಂದಳು. "ನಿಂದ ನಾನು ಒಂದೂ ಮಡಿಕಂಡಿಲ್ಲ. ನೀನು ನನ್ನ ಮರ್ತೆ ಅಂತ ಊರ್ಗೆಲ್ಲ ಯೋಳ್ಕಂಡು, ಬರೀ ನಂದೇ ಹಾಡ್ಕಂಡು ಕುಂತಿದ್ದೆ."